ಉಪವಾಸದ ಕೋಳಿ ತತ್ತಿ ಇಡುವುದಿಲ್ಲ

ದೇವಾಪುರದ ಮೋನಮ್ಮನ ಕೋಳಿಗಳು ತತ್ತಿ ಇಡುವುದನ್ನು ನಿಲ್ಲಿಸುತ್ತ ಬಂದಿದ್ದವು. ಇಟ್ಟ ತತ್ತಿಯೂ ಸಣ್ಣದು, ಸಿಪ್ಪೆ ತೀರಾ ತೆಳ್ಳಗೆ, ಎತ್ತಿಕೊಂಡರೆ ಕೈಯಲ್ಲೇ ಒಡೆಯುತ್ತಿತ್ತು. ಒಂದು ಕೋಳಿಗಂತೂ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ.

ಕಾಲುವೆಗೆ ನೀರು ಬಿಟ್ಟ ಮೇಲೆ ಮೋನಮ್ಮ ಭತ್ತದ ನಾಟಿಗೆ ಹೋಗುತ್ತಿದ್ದಳು. ಕೋಳಿ ನೋಡಿಕೊಳ್ಳುತ್ತಿದ್ದವಳು ಅತ್ತೆ ಹಣಮಮ್ಮ. ಆಕೆ ಕಾಳು ಅರ್ಧಕ್ಕೆ ಇಳಿಸಿದ್ದಳು.

“ಕೋಳಿ ಕೊಬ್ಬಿದ್ರ ತತ್ತಿ ಇಡಂಗಿಲ್ಲ. ಹೊಟ್ಟಿ ಸುಟ್ರ ತಾನ ಇಡ್ತಾವ,” ಎನ್ನುವುದು ತಾಯಿಯಿಂದ ಕೇಳಿ ಕಲಿತ ಆಕೆಯ ವಾದ.

ಮೋನಮ್ಮನ ಗಂಡ ಅಂಬ್ರಪ್ಪ ಬುಟ್ಟಿ ತಂದ. “ಇವು ಇನ್ನ ಕೆಲಸಕ್ಕ ಬರಂಗಿಲ್ಲ. ಕೆಂಭಾವಿ ಸಂತ್ಯಾಗ ಕೊಟ್ಟು ಬರ್ತೀನಿ, ಕಡದು ತಿನ್ಲಿ.”

ಮೋನಮ್ಮ ಗೂಡಿಗೆ ಅಡ್ಡ ನಿಂತಳು. “ಒಂದನ್ನೂ ಮುಟ್ಟಾಕ ಬಿಡಂಗಿಲ್ಲ! ಉಪವಾಸ ಕೆಡವಿದವರು ನಾವು, ಕತ್ತಿ ಅವುಕ್ಕ್ಯಾಕ? ನನ್ನ ಮಗಳು ದಿನಾ ತಿನ್ನೋದು ಇವುಗಳ ತತ್ತೀನ!”

ಗದ್ದಲ ಕೇಳಿ ಪಕ್ಕದ ಮನೆಯ ನಜೀಮಾ ಬಂದಳು. ಆಕೆ ಸುರಪುರದಲ್ಲಿ ಕೋಳಿ ಸಾಕಣೆಯ ತರಬೇತಿ ಪಡೆದಿದ್ದಳು. ಒಂದು ಕೋಳಿ ಎತ್ತಿ ಹಣಮಮ್ಮನ ಕೈಗೆ ಕೊಟ್ಟಳು.

“ಎದಿ ಮುಟ್ಟಿ ನೋಡ್ರಿ ಯವ್ವಾ. ಎಲುಬು ಚೂಪಾಗಿ ಕೈಗೆ ಚುಚ್ಚತದ. ಇದು ಕೊಬ್ಬೇನ್ರಿ?”

“ಮತ್ತ ತತ್ತಿ ಯಾಕ ನಿಂತಾವ?”

“ಮೇವು ಕಡಿಮಿ ಆದ್ರ ಕೋಳಿ ಮೊದ್ಲು ತನ್ನ ಜೀವ ಉಳಿಸ್ಕೋತದ. ಒಳಗಿನ ತತ್ತಿ ಗೊಂಚಲು ಬಾಡತದ. ಸಿಪ್ಪಿಗೆ ಬೇಕಾದ ಸುಣ್ಣದಂಶ ತಿನಿಸಿನ್ಯಾಗ ಸಿಗಲಿಲ್ಲಂದ್ರ ತನ್ನ ಎಲುಬಿನಿಂದನ ತಗೀತದ. ಅದಕ್ಕ ನೋಡ್ರಿ, ಆ ಕೋಳಿ ಏಳವಲ್ದು.”

ಹಣಮಮ್ಮ ಸಿಟ್ಟಾದಳು. “ಹಂಗಾರ ನಮ್ಮವ್ವ ಸುಳ್ಳು ಹೇಳಿದ್ಳೇನು?”

“ಇಲ್ರಿ. ಅವರ ಕೋಳಿ ತಿಪ್ಪಿ ಕೆದರಿ ಹುಳ ತಿಂದು ಹೊಟ್ಟಿ ತುಂಬಿಸ್ಕೋತಿದ್ವು. ಇವು ಗೂಡಿನ್ಯಾಗ ಅದಾವ. ನಾವು ಹಾಕಿದ್ದಷ್ಟ ಇವುಕ್ಕ.”

ಹಣಮಮ್ಮ ಕೋಳಿಯ ಎದೆ ಇನ್ನೊಮ್ಮೆ ಸವರಿ, ಒಳಗೆ ಹೋಗಿ ಜೋಳ ತಂದಳು.

ಅಂದಿನಿಂದ ಜೋಳ, ತೌಡು, ಶೇಂಗಾ ಹಿಂಡಿ, ಸುಣ್ಣದಂಶಕ್ಕೆ ಚಿಪ್ಪಿನ ಪುಡಿ, ಶುದ್ಧ ನೀರು ತಪ್ಪಲಿಲ್ಲ. ಏಳಲಾಗದ ಕೋಳಿ ಉಳಿಯಲಿಲ್ಲ; ಮೋನಮ್ಮ ಅತ್ತಳು. ಉಳಿದವು ಚೇತರಿಸಿಕೊಳ್ಳಲು ವಾರಗಳೇ ಹಿಡಿದವು. ಆಮೇಲೆ ಗಟ್ಟಿ ಸಿಪ್ಪೆಯ ತತ್ತಿಗಳು ಬಂದವು.

ಈಗ ಹಣಮಮ್ಮನೇ ಮಗನನ್ನು ಗದರುತ್ತಾಳೆ: “ಕೋಳಿಗೆ ಕಾಳು ಹಾಕ್ಲಾರ್ದ ನೀ ಉಣ್ಣಾಕ ಕುಂದರಬ್ಯಾಡ!”

ಅಕ್ಕ-ತಂಗಿಯರೇ, ತತ್ತಿ ಇಡುವ ಕೋಳಿಯ ಮೇವು ಕಡಿತ ಮಾಡಿ ಎಂದು ಯಾರೇ ಹೇಳಲಿ, ಹಿರಿಯರೇ ಹೇಳಲಿ, ಒಪ್ಪಬೇಡಿ. ತತ್ತಿ ಕಡಿಮೆಯಾದರೆ ಪಶುವೈದ್ಯರನ್ನು ಕೇಳಿ. ಹೊಟ್ಟೆತುಂಬ ಹಾಕಿ, ಆಮೇಲೆ ತತ್ತಿ ಕೇಳಿ!