ಎರಡು ಟೊಂಗೆ ಸೊಪ್ಪು

"ಯಾರಪ್ಪನ ಬೆಟ್ಟ ಅಂದ್ಕಂಡ್ಯೇ, ರಂಡೆ? ರಸ್ತೆಗೆ ಹಾಸೂಕೆ ನಿನ್ನಪ್ಪ ನೆಟ್ಟಿದ್ನಾ ಮರ?"

ಕಮಲಾಕರ ಒಡೆಯರು ಜೀಪಿನಿಂದ ಇಳಿದವರೇ, ನಾನು ಡಾಂಬರಿನ ಮೇಲೆ ಹಾಕಿದ್ದ ಟೊಂಗೆಯನ್ನು ಎತ್ತಿ ಅದರಿಂದಲೇ ನನ್ನ ಮುಖಕ್ಕೆ ಬಾರಿಸಿದರು. ಸೊಪ್ಪಿನ ಏಟು ಏನು ಮಹಾ ಎನ್ನಬೇಡಿ. ಸೊಪ್ಪಿನ ಹಿಂದೆ ಕಟ್ಟಿಗೆ ಇರುತ್ತದೆ. ತುಟಿ ಸೀಳಿ ಬಾಯೊಳಗೆ ರಕ್ತ ಇಳಿಯಿತು.

ಇಪ್ಪತ್ತೆರಡು ವರ್ಷದಿಂದ ಅವರ ತೋಟದ ಗೊಬ್ಬರಕ್ಕೆ ಆ ಬೆಟ್ಟದ ಸೊಪ್ಪು ಕಡಿದು, ಹೊರೆ ಕಟ್ಟಿ ಇಳಿಸುವವಳು ನಾನು, ತಿಮ್ಮಿ. ಬೆಟ್ಟ ಸರ್ಕಾರದ್ದು, ಸೊಪ್ಪಿನ ಹಕ್ಕು ಅವರದು, ಕತ್ತಿ ಹಿಡಿದು ಹತ್ತುವ ಮೊಣಕಾಲು ನಮ್ಮದು. ಅವತ್ತು ಸಂಜೆ ಐದರ ಹೊತ್ತಿಗೆ ಅವರ ಟ್ರ್ಯಾಕ್ಟರು ಅಡಿಕೆ ಮರ ಸೀಳಿದ ದಬ್ಬೆ ಹೇರಿಕೊಂಡು ಶಿರಸಿ ಕಡೆಯಿಂದ ಬರುತ್ತಿತ್ತು. ಬೆಟ್ಟದ ಬುಡದ ತಿರುವು ದಾಟಿದ್ದೇ ಟ್ರೇಲರಿನ ಎಕ್ಸೆಲ್ ಮುರಿಯಿತು. ಡ್ರೈವರ್ ಉಲ್ಲಾಸ ಟ್ರೇಲರನ್ನು ಅಲ್ಲೇ ಕಳಚಿಟ್ಟು ಮೆಕ್ಯಾನಿಕ್ಕನ್ನು ಕರೆಯಲು ಹೋದ. ದಬ್ಬೆಗಳು ಹಿಂದಕ್ಕೆ ನಾಲ್ಕು ಮೊಳ ಚಾಚಿದ್ದವು. ಅವಕ್ಕೊಂದು ಕೆಂಪು ಬಟ್ಟೆ ಕಟ್ಟಿದ್ದರೆ ಕೇಳಿ. ಆ ಹೊತ್ತಿನಲ್ಲಿ ತಿರುವು ದಾಟಿದವರ ಕಣ್ಣಿಗೆ ಸೂರ್ಯ ನೇರ ಹೊಡೆಯುತ್ತಾನೆ.

ಗಾಡಿ ಕೆಟ್ಟು ನಿಂತರೆ ಹಿಂದೆ ಸೊಪ್ಪಿನ ಟೊಂಗೆ ಹಾಕಬೇಕೆಂದು ನಮ್ಮ ಸೀಮೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅದನ್ನು ಕಂಡರೆ ಘಟ್ಟದ ಲಾರಿಯವನೂ ಬ್ರೇಕ್ ಹಿಡಿಯುತ್ತಾನೆ. ನಾನೇ ಕಡಿದ ಹೊರೆಯಿಂದ ಎರಡು ಟೊಂಗೆ ಎಳೆದು ತಿರುವಿನ ಆಚೆ ಹಾಕಿದ್ದೆ. ಅಷ್ಟೇ ನಾನು ಮಾಡಿದ ಪಾಪ.

"ಒಡ್ಯಾ, ಬರೋರಿಗೆ ಟ್ರೇಲರ್ ಕಾಣೂದಿಲ್ಲ. ನನ್ ಹುಡುಗಿನೂ ಇದೇ ದಾರಿಗೆ ಬತ್ತದೆ."

"ಕಣ್ಣಿದ್ದೋರು ನೋಡ್ಕಂಡು ಬರ್ತ್ರು. ಇವತ್ತು ಎರಡು ಟೊಂಗೆ ಬಿಟ್ರೆ ನಾಳೆ ಊರಿನ ಬೋಳಿಮಕ್ಕಳೆಲ್ಲ ಬೆಟ್ಟ ಬೋಳಸ್ತ್ರು. ನಿನ್ ಮಗಳಿಗೆ ಸ್ಕೂಟಿ ಬೇರೆ ಕೇಡು! ನಡಿ, ಹೊರೆ ಬಾಕಿ ಅದೆ."

ಎರಡೂ ಟೊಂಗೆಯನ್ನು ಹೊರೆಯ ಮೇಲೆ ಎಸೆದು ಜೀಪು ಹತ್ತಿ ಹೋದರು. ಅವರು ಹೋದ ಮೇಲೆ ನಾನು ಮತ್ತೆ ಹಾಕಬಹುದಿತ್ತು. ಹಾಕಲಿಲ್ಲ. ಹೆದರಿದೆ. ತುಟಿ ಒರೆಸಿಕೊಂಡು ಬೆಟ್ಟ ಹತ್ತಿದೆ. ಅದಕ್ಕಾಗಿ ಸಾಯುವ ತನಕ ನನ್ನ ಹಣೆಯನ್ನು ನಾನೇ ಚಚ್ಚಿಕೊಳ್ಳಬೇಕು.

ನನ್ನ ಮಗಳು ಮಮತಾ ಶಿರಸಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನಮ್ಮ ಕೇರಿಯಲ್ಲಿ ಗಾಡಿ ಕಲಿತ ಮೊದಲ ಹೆಣ್ಣು ಅವಳೇ. ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿದೆಯೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ನಾನೇ ಎಳೆದು ನೋಡುತ್ತಿದ್ದೆ. "ಸಾಕೇ ಅಬ್ಬೆ, ಕುತ್ಗೆ ಹಿಚುಕ್ತೀಯಾ?" ಎಂದು ನಗುತ್ತಿದ್ದಳು. ಪ್ರತಿ ತಿರುವಿಗೂ ಎರಡು ಸಲ ಹಾರ್ನ್ ಹೊಡೆಯುವುದು ಅವಳ ರೂಢಿ.

ಮರದ ಮೇಲಿದ್ದಾಗ ಆ ಎರಡು ಹಾರ್ನ್ ಕೇಳಿತು. "ಮಮತಾ, ನಿಲ್ಲೇ!" ಎಂದು ಕೂಗಿದೆ. ಎದುರಿಂದ ಯಾರೂ ಹಾರ್ನ್ ಮಾಡಲಿಲ್ಲವಲ್ಲ, ದಾರಿ ಖಾಲಿ ಎಂದುಕೊಂಡಿರಬೇಕು ನನ್ನ ಕೂಸು. ಆಮೇಲೆ ಕೇಳಿದ ಸದ್ದನ್ನು ನಾನು ಹೇಳಲಾರೆ.

ಉರುಳುತ್ತ ಏಳುತ್ತ ಇಳಿದೆ. ಹೆಲ್ಮೆಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ದಬ್ಬೆ ಅದರ ಪಟ್ಟಿಯ ಕೆಳಗೆ, ಗಂಟಲಿಗೆ ಹೊಕ್ಕಿತ್ತು. ಅವಳು ನನ್ನ ಸೆರಗನ್ನು ಎರಡು ಸಲ ಜಗ್ಗಿ ಕೈ ಬಿಟ್ಟಳು.

ನನ್ನ ಜೊತೆ ಸೊಪ್ಪು ಕಡಿಯುತ್ತಿದ್ದ ಹತ್ತು ಹೆಂಗಸರೂ ಓಡಿ ಬಂದರು, ಎಲ್ಲರಿಗಿಂತ ಮುಂದೆ ಗೌರಕ್ಕ. ಅವಳನ್ನು ಬಿಡಿಸಿ ರಸ್ತೆಯ ಬದಿಗೆ ಮಲಗಿಸಿದೆವು. ಅಷ್ಟರಲ್ಲಿ ಉಲ್ಲಾಸನನ್ನು ಕೂರಿಸಿಕೊಂಡು ಜೀಪು ಮತ್ತೆ ಬಂತು. ಒಡೆಯರು ನನ್ನ ಮಗಳ ಕಡೆ ತಿರುಗಿಯೂ ನೋಡಲಿಲ್ಲ.

"ಪೋಲೀಸ್ರು ಬರೂದ್ರೊಳಗೆ ಸೊಪ್ಪು ಹಾಕೋ! ಏನ್ ನೋಡ್ತೀಯಾ, ಜಾಸ್ತಿ ಹಾಕು!"

ಉಲ್ಲಾಸ ನಾನು ಕಟ್ಟಿದ್ದ ಹೊರೆಯನ್ನು ಬಿಚ್ಚಿ ಟ್ರೇಲರಿನ ಹಿಂದೆ ಸುರಿದ. ಮಗಳ ರಕ್ತದ ಮೇಲೆಯೇ ಸುರಿದ.

ಹವಾಲ್ದಾರ ಬಸಪ್ಪ ಹಾವೇರಿ ಕಡೆಯವನು. ಬಂದವನು ಮೊದಲು ಒಡೆಯರಿಗೆ ಕೈ ಮುಗಿದ. "ಇಷ್ಟ್ ಸೊಪ್ಪು ಹಾಕ್ಯಾರಲ್ಲವಾ, ನಿನ್ ಮಗಳಿಗೆ ಕಾಣಲಿಲ್ಲೇನು? ಮೊಬೈಲ್ ನೋಡ್ಕೋತ ಬಂದಿರ್ಬೇಕು," ಎಂದು ಹಾಗೆಯೇ ಬರೆಯತೊಡಗಿದ.

ನಾನು ಮಗಳ ತಲೆಯನ್ನು ಗೌರಕ್ಕನ ಮಡಿಲಿಗೆ ಕೊಟ್ಟು ಎದ್ದೆ. ಆ ರಾಶಿಯಿಂದ ಒಂದು ಟೊಂಗೆ ಎಳೆದು ಅವನ ಮೂಗಿನ ಮುಂದೆ ಮಗುಚಿ ಹಿಡಿದೆ. ಮೇಲೆಲ್ಲ ಹಸಿರು, ಅಡಿಯೆಲ್ಲ ಕೆಂಪು.

"ನೋಡಿ ಸಾಯೇಬ್ರೇ. ಸೊಪ್ಪು ಮೊದ್ಲೇ ಇದ್ದಿದ್ರೆ ರಕ್ತ ಇದ್ರ ಮೇಲೆ ಬೀಳ್ಬೇಕಾಗಿತ್ತು. ಅಡಿಗೆ ಹ್ಯಾಂಗೆ ಬಂತು? ಬರೀರಿ ಇದನ್ನ!"

ಬಸಪ್ಪ ಪೆನ್ನು ಮುಚ್ಚಿ ಕಿಸೆಗೆ ಇಟ್ಟ. "ಹೆಣದ ಮುಂದ ವಾದ ಮಾಡಬಾರ್ದವಾ. ಸರಿ ಅತ್ಲಾಗ."

"ತಲೆ ಕೆಟ್ಟದೆ ಅದಕ್ಕೆ. ಇಡೇ ಕೆಳಗೆ, ಸೂಳೆ!" ಎಂದು ಒಡೆಯರು ಕೈ ಎತ್ತಿದರು.

ಆ ಕೈ ನನ್ನ ಮುಖದ ತನಕ ಬರಲಿಲ್ಲ. ಸೊಂಟದ ಕತ್ತಿಯನ್ನು ಕಿತ್ತು ಅದರ ಬೆನ್ನಿನಿಂದ ಮಣಿಕಟ್ಟಿಗೆ ಬಿಟ್ಟೆ. ಮೂಳೆ ಲಟಕ್ಕೆಂದಿತು. ಕಮಲಾಕರ ಕೈ ಹಿಡಿದುಕೊಂಡು ನನ್ನ ಮಗಳ ರಕ್ತದಲ್ಲೇ ಮೊಣಕಾಲೂರಿ ಕೂತ.

ಬಸಪ್ಪ ಲಾಠಿ ಎತ್ತುವಷ್ಟರಲ್ಲಿ ಬೆಟ್ಟದ ಮೇಲೆ ಕತ್ತಿಯ ಸದ್ದು ಎದ್ದಿತು. ನಾನು ಯಾರಿಗೂ ಹೇಳಿರಲಿಲ್ಲ. ಗೌರಕ್ಕನೊಬ್ಬಳನ್ನು ಬಿಟ್ಟು ಉಳಿದ ಒಂಬತ್ತೂ ಹೆಂಗಸರು ಆಗಲೇ ರಸ್ತೆಗೆ ಬಾಗಿದ ಮರ ಹತ್ತಿದ್ದರು. ಟೊಂಗೆ ದಡದಡ ಬಿದ್ದವು, ಜೀಪಿನ ಮುಂದೆ, ಜೀಪಿನ ಹಿಂದೆ, ಪೋಲೀಸ್ ಗಾಡಿಯ ಮೇಲೆ. ರಸ್ತೆ ಮುಚ್ಚಿಹೋಯಿತು.

"ನನ್ ಬೆಟ್ಟ! ನನ್ ಬೆಟ್ಟ!" ಎಂದು ಅವನು ಅರಚುತ್ತಲೇ ಇದ್ದ.

ನನ್ನ ಕೈಯಲ್ಲಿದ್ದ ಟೊಂಗೆಯನ್ನು ಕೆಂಪು ಮೇಲಾಗಿಸಿ ಅವನ ಮುಂದೆ ಹಾಕಿದೆ.

"ಕಾಣ್ತದ್ಯನೋ, ಕಮಲಾಕರ? ಸೊಪ್ಪು ಹಾಕೀನಿ. ದಾಟು ನೋಡ್ವಾ."

ಕತ್ತಿಯನ್ನು ಕೈಯಲ್ಲಿ ತಿರುಗಿಸಿ ಹಿಡಿದೆ. ಈ ಸಲ ಅದರ ಬಾಯಿ ಅವನ ಕಡೆಗಿತ್ತು.