ಬೀಗಿತಿಯ ಬಾಯಳತೆ

ಎರಡು ಗಮಿತಾನ ಮೀನುಗಳಲ್ಲಿ ಒಂದು ಮಾತ್ರ ಉಳಿದಿತ್ತು. ಹೋಟೆಲಿನ ಗಾಜಿನ ತೊಟ್ಟಿಯ ತಳದಲ್ಲಿ ಬೀಗಿತಿ ಹೊಟ್ಟೆ ಉಬ್ಬಿಸಿಕೊಂಡು ಮಲಗಿದ್ದಳು.

ಬೀಗಿತಿ ಎಂದರೆ ನಮ್ಮ ಕೆಂಪು ಬಾಲದ ಮೀಸೆಮೀನು. ಹೊರದೇಶಕ್ಕೆ ಅಲಂಕಾರದ ಮೀನು ಕಳಿಸುವ ನಮ್ಮ ಮೀನುಮನೆ ನಾನಾಯ್ ನದಿಯ ದಡದಲ್ಲಿದೆ. ಅಲ್ಲಿ ಹದಿಮೂರು ವರ್ಷ ಅವಳನ್ನು ಸಾಕಿದವರು ನಮ್ಮ ಹಿರಿಯ ಕೆಲಸಗಾರ ಡಾನ್ ಆರ್ತಿದೋರೊ. ಆ ಹೆಸರಿಟ್ಟವರೂ ಅವರೇ. ಈ ಶನಿವಾರ ಮೀನುಮನೆ ಮುಚ್ಚುತ್ತದೆ. ಉಳಿದ ಮೀನುಗಳಿಗೆಲ್ಲ ಗಿರಾಕಿ ಸಿಕ್ಕಿದ್ದರು. ಮೂರಡಿ ಉದ್ದದ ಇವಳನ್ನು ಚೌಕದ ಹೋಟೆಲಿನವರು ಮಾತ್ರ ಕೇಳಿದ್ದರು, ಅದೂ ಕೆಲವು ದಿನ ಇಟ್ಟು ನೋಡುವುದಕ್ಕೆ. ಅವರಿಗೂ ಬೇಡವಾದರೆ ಬೆಲೆನ್ ಸಂತೆಯ ಕತ್ತಿಯೇ ಗತಿ. ನದಿಗೆ ಬಿಡುವಂತಿಲ್ಲ, ಕೈಯಿಂದ ತಿಂದು ಬೆಳೆದವಳು, ಮೊದಲ ಬಲೆಗೇ ಸಿಕ್ಕಿಬೀಳುತ್ತಾಳೆ.

"ನಾನು ಮೊದಲೇ ಹೇಳಿದ್ದೆ," ಎಂದರು ಹೋಟೆಲು ನೋಡಿಕೊಳ್ಳುವ ಸೆನ್ಯೋರಾ ಮಾರ್ಲೆನಿ. "ಒಂದೇ ಮೀನು ಮೂಲೆಯಲ್ಲಿ ಬಿದ್ಕೊಂಡಿದ್ರೆ ಬಂದವರು ಸತ್ತಿದೆ ಅಂದ್ಕೋತಾರೆ. ಜೊತೆಗೆ ಓಡಾಡೋ ಮೀನು ಬೇಕು. ತಿಂದು ಮುಗಿಸೋದಾದ್ರೆ ಇವಳೇ ಬೇಡ. ಇನ್ನೊಂದು ಸಲ ನೋಡಿ. ಶುಕ್ರವಾರದವರೆಗೆ."

ಮೀನುಗಳನ್ನು ಆರಿಸಿದವಳು ನಾನು. ಜೀವಶಾಸ್ತ್ರ ಓದಿದ್ದಕ್ಕೆ ಇಲ್ಲಿ ಎಲ್ಲರೂ ಇಂಜಿನಿಯರಮ್ಮ ಎನ್ನುತ್ತಾರೆ. ಆದರೂ ಪುಸ್ತಕ ನೋಡಿ ಆರಿಸಿರಲಿಲ್ಲ, ಬಳೆ ನೋಡಿ ಆರಿಸಿದ್ದೆ. ನಮ್ಮಲ್ಲಿ ದೊಡ್ಡ ಬಾಯಿಯ ಪ್ರತಿ ಮೀನಿಗೂ ಒಂದು ಬಳ್ಳಿಯ ಬಳೆ ಮೊಳೆಗೆ ನೇತಾಡುತ್ತದೆ. ಅದರ ಬಾಯಿ ತೆರೆದಷ್ಟೇ ಅಗಲದ ಬಳೆ. ಬಳೆಯೊಳಗೆ ತೂರುವ ಮೀನು ಅದಕ್ಕೆ ಊಟ, ತೂರದ ಮೀನು ನೆರೆಮನೆಯದು. ಈ ಗಮಿತಾನಗಳು ತೂರಿರಲಿಲ್ಲ. ಎರಡೆರಡು ಸಲ ನೋಡಿದ್ದೆ.

ಡಾನ್ ಆರ್ತಿದೋರೊ ಮತ್ತು ನಾನು ಹೊರಗೆ ಮೆಟ್ಟಿಲ ಮೇಲೆ ಕುಳಿತೆವು.

"ಕರಚಾಮ ಮೀನು ಹಾಕೋಣ," ಎಂದೆ. "ಮೈಯೆಲ್ಲ ಚಿಪ್ಪು. ಅದನ್ನ ನುಂಗೋಕಾಗಲ್ಲ."

"ಇಂಜಿನಿಯರಮ್ಮ, ಕರಚಾಮನ ಸಾರಲ್ಲಿ ಮಾತ್ರ ನೋಡಿದೀಯ ನೀನು. ನುಂಗೋಕಾಗಲ್ಲ ಅಂತ ಇವಳಿಗೆ ಗೊತ್ತಾಗೋದು ನುಂಗಿದ ಮೇಲೆ. ಗಂಟಲಲ್ಲಿ ಮುಳ್ಳು ಬಿಚ್ಚಿ ನಿಲ್ಲುತ್ತೆ. ಆಮೇಲೆ ಎರಡರ ಹೆಣಾನೂ ಒಂದೇ ಸಲ ಎತ್ತಬೇಕು. ನಾನು ಎತ್ತಿದೀನಿ."

"ಹಾಗಾದ್ರೆ ಬಳೆ ಯಾಕೆ ಸುಳ್ಳು ಹೇಳ್ತು?"

ಅವರು ತಮ್ಮ ಚಪ್ಪಲಿ ನೋಡಿಕೊಂಡರು.

"ಅದು ಹೋದ ವರ್ಷದ್ದು."

ವರ್ಷಕ್ಕೊಮ್ಮೆ ನದಿ ಇಳಿದಾಗ ಹೊಸ ಬಳೆ ಕಟ್ಟುವುದು ಅವರದೇ ಪದ್ಧತಿ. ಅದನ್ನು ನನಗೆ ಕಲಿಸಿದವರೂ ಅವರೇ. ಈ ಸಲ ನದಿ ಇಳಿದು ಎರಡು ತಿಂಗಳಾಗಿತ್ತು.

"ಮುಚ್ಚೋ ಮನೆಗೆ ಹೊಸ ಬಳೆ ಯಾಕೆ ಅಂತ ಬಿಟ್ಟೆ," ಎಂದರು. "ವಯಸ್ಸಾಯ್ತಲ್ಲ, ಇನ್ನೆಲ್ಲಿ ಬೆಳೀತಾಳೆ ಅಂದ್ಕೊಂಡೆ."

ಮೊಳೆಯ ಮೇಲಿನ ಬಳೆ ಬೂದು ಬಣ್ಣಕ್ಕೆ ತಿರುಗಿದ್ದನ್ನು ನಾನೂ ನೋಡಿದ್ದೆ. ಕೇಳುವ ಉಮೇದು ನನಗೂ ಇರಲಿಲ್ಲ.

ಅವರು ಎದ್ದು ಒಳಗೆ ಹೋದರು, ಸ್ಟೂಲು ಹತ್ತಿ ಅಂಗಿಯ ತೋಳು ಮಡಚಿದರು. ಮುಷ್ಟಿ ಬಿಗಿದು ನೀರಿಗೆ ಇಳಿಸಿದರು. ಬೀಗಿತಿ ನಿಧಾನವಾಗಿ ಮೇಲೆ ಬಂದು, ಎಂದಿನಂತೆ, ಕೈಯನ್ನು ಮಣಿಕಟ್ಟಿನವರೆಗೂ ಬಾಯಿಗೆ ತೆಗೆದುಕೊಂಡಳು. ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು.

"ಬಿಡೇ, ಬೀಗಿತಿ. ನಾನೇ ಕಣೆ," ಎಂದರು ಅವರು. ಒಳಗೇ ಮುಷ್ಟಿ ಬಿಚ್ಚಿ ಬೆರಳು ಅಗಲಿಸಿ ನೋಡಿದರು. ಅವಳು ಬಿಟ್ಟಳು. ಮಣಿಕಟ್ಟಿನ ಸುತ್ತ ಅರ ಉಜ್ಜಿದಂತೆ ಕೆಂಪಾಗಿತ್ತು.

"ಹಳೇ ಬಳೆಗಿಂತ ಎರಡು ಬೆರಳು ಅಗಲ," ಎಂದರು ನನಗೆ. ಹಸಿ ಬಳ್ಳಿ ತರಿಸಿ ಅಲ್ಲೇ ಹೊಸ ಬಳೆ ಕಟ್ಟಿದರು.

ಅದರಲ್ಲಿ ತೂರದ ಗಮಿತಾನ ನಮ್ಮ ಮೀನುಮನೆಯಲ್ಲಿ ಒಂದೂ ಇರಲಿಲ್ಲ. ಅವರ ಭಾವಮೈದುನನ ಕೆರೆಯಲ್ಲಿ, ಊಟಕ್ಕೆಂದು ಸಾಕಿದ್ದರಲ್ಲಿ ಸಿಕ್ಕವು. ತಟ್ಟೆಯಷ್ಟು ಅಗಲದವು, ಮೂರು. ತೊಟ್ಟಿಯಲ್ಲಿ ಉಳಿದಿದ್ದ ಹಳೆಯ ಗಮಿತಾನವನ್ನು ತೆಗೆದು ಗುರುವಾರ ಬೆಳಿಗ್ಗೆ ಅವನ್ನು ಬಿಟ್ಟೆವು. ಶುಕ್ರವಾರ ಮಧ್ಯಾಹ್ನ ಎಣಿಸಿದಾಗಲೂ ಮೂರೇ ಇದ್ದವು. ಒಂದರ ಬಾಲ ಸ್ವಲ್ಪ ಹರಿದಿತ್ತು.

"ಹೊಂದಿಕೊಂಡ್ವಾ?" ಎಂದು ಕೇಳಿದರು ಮಾರ್ಲೆನಿ.

"ಹೊಂದಿಕೊಳ್ಳೋದೇನಿಲ್ಲ, ಸೆನ್ಯೋರಾ. ಇವಳ ಬಾಯಲ್ಲಿ ಅವು ಹಿಡಿಯಲ್ಲ, ಅಷ್ಟೆ. ನದಿ ಇಳಿದಾಗ ಮತ್ತೆ ಅಳೀಬೇಕು," ಎಂದರು ಡಾನ್ ಆರ್ತಿದೋರೊ.

"ಯಾರು ಅಳೀತಾರೆ?"

ಅವರು ನನ್ನತ್ತ ನೋಡಲಿಲ್ಲ. ನಾನೂ ತಲೆ ಎತ್ತಲಿಲ್ಲ. ಸೋಮವಾರದಿಂದ ನನಗೂ ಕೆಲಸವಿಲ್ಲ. ಈ ಊರಲ್ಲೇ ಇರುತ್ತೇನೋ ಇಲ್ಲವೋ ಅದೂ ಗೊತ್ತಿರಲಿಲ್ಲ.

"ನಾನೇ ಬರ್ತೀನಿ," ಎಂದರು ಡಾನ್ ಆರ್ತಿದೋರೊ. "ಒಳಗೆ ಬಿಡ್ತೀರಿ ತಾನೆ?"

ಮಾರ್ಲೆನಿ ಬೀಗಿತಿಯನ್ನು ಇಟ್ಟುಕೊಳ್ಳುವ ಕಾಗದಕ್ಕೆ ಸಹಿ ಹಾಕಿದರು. ಗೋಡೆಯಲ್ಲಿ ಮೊಳೆ ಇರಲಿಲ್ಲ. ಡಾನ್ ಆರ್ತಿದೋರೊ ಹೊಸ ಬಳೆಯನ್ನು ತೊಟ್ಟಿಯ ಹಿಂದೆ, ನೀರು ಚಿಮ್ಮದ ಕಡೆ ಒರಗಿಸಿ, ಒದ್ದೆ ತೋಳನ್ನು ಅಂಗಿಗೆ ಒರೆಸಿಕೊಂಡರು.