ಆಗಸ್ಟಾಳ ಎಡಗಾಲು

ಲವೀನಿಯಾ ಥೇಯರ್‌ಳ ಮನೆಗೆ ಊಟಕ್ಕೆ ಹೋದವರು ಮೊದಲು ಒಂದು ಜೀವನಚರಿತ್ರೆಯನ್ನು ಕೇಳಬೇಕಾಗಿತ್ತು. ಬಡಿಸಿಯಾದ ಮೇಲೆ ಆಕೆ ಎದ್ದು ನಿಂತು, ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿ, ಅಂದು ಬೆಂದ ಪ್ರಾಣಿಯ ಜನನ, ಬಾಲ್ಯ, ಅಭಿರುಚಿ, ಸ್ವಭಾವದೋಷಗಳನ್ನೆಲ್ಲ ಸಾವಧಾನವಾಗಿ ನಿರೂಪಿಸಿ, ತಲೆಬಾಗಿ, "ನಿಜ ಹೇಳ್ಬೇಕಂದ್ರೆ ಇವಳು ನನಗಿಂತ ಒಳ್ಳೆಯವಳು" ಎಂದು ಮುಗಿಸಿದ ಮೇಲೆಯೇ ನಾವು ಚಾಕು ಮುಟ್ಟಬಹುದಿತ್ತು. ಅಷ್ಟರಲ್ಲಿ ಗ್ರೇವಿ ಆರಿ ಕೆನೆಗಟ್ಟಿರುತ್ತಿತ್ತು. ಹೊಸಬರು ಕೆಲವರು ಬರೀ ಆಲೂಗಡ್ಡೆ ತಿಂದು ಎದ್ದದ್ದೂ ಉಂಟು.

ವರ್ಮಾಂಟ್ ಬೆಟ್ಟಸಾಲಿನ ನಮ್ಮ ಊರಿನಲ್ಲಿ ಆಕೆ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಚಳಿಗಾಲ ಬೇಸಿಗೆಯೆನ್ನದೆ ತೊಡುತ್ತಿದ್ದ ಕೆಂಪು ಕಪ್ಪು ಚೌಕಳಿಯ ಉಣ್ಣೆಯ ಕೋಟು ಅವಳ ತಂದೆ ಬೇಟೆಗೆ ಹೋಗುವಾಗ ತೊಡುತ್ತಿದ್ದದ್ದು. ಅದರ ಜೇಬಿನಲ್ಲಿ ಯಾವಾಗಲೂ ಮರದಡಿ ಆರಿಸಿದ ಮೆತ್ತಗಾದ ಸೇಬು. ಹಂದಿಯ ದೊಡ್ಡಿಯಲ್ಲೂ ಆಕೆಯದು ಧ್ಯಾನದ ನಡಿಗೆಯೇ: ಉಸಿರಿಗೊಂದು ಹೆಜ್ಜೆ. ಹಂದಿಗಳೂ ಅಷ್ಟೇ ಗಾಂಭೀರ್ಯದಿಂದ, ಜೇಬಿನ ಮೇಲೆ ಕಣ್ಣಿಟ್ಟು, ಹಿಂದೆ ನಡೆಯುತ್ತಿದ್ದವು.

ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಗುರುವಾರ ಕೂಡುವ ನಮ್ಮ ಧ್ಯಾನದ ಗುಂಪಿನಲ್ಲಿ ಮಾಂಸ ತಿನ್ನುವವಳು ಆಕೆಯೊಬ್ಬಳೇ. ಪ್ರಾಣಿಹಿಂಸೆ ಮಾಡೆನೆಂಬ ಸಂಕಲ್ಪ ಸ್ವೀಕರಿಸಿದ ಹೊಸದರಲ್ಲಿ ಆಕೆ ಹನ್ನೊಂದು ತಿಂಗಳು ಸೊಪ್ಪು ಕಾಳುಗಳಲ್ಲೇ ಕಳೆದಳಂತೆ; ಆ ಅವಧಿಯಲ್ಲಿ ಬಸ್ಸಿನ ಮಕ್ಕಳು ಉಸಿರೆತ್ತಲೂ ಹೆದರುತ್ತಿದ್ದರಂತೆ. "ನಿಜ ಹೇಳ್ಬೇಕಂದ್ರೆ ಹಿಂಸೆ ಕಮ್ಮಿ ಆಗ್ಲಿಲ್ಲ, ದಿಕ್ಕು ಬದಲಾಯ್ತು ಅಷ್ಟೆ" ಎನ್ನುತ್ತಿದ್ದಳು. ಕಡೆಗೆ ತನಗೆ ತಾನೇ ಒಂದು ವ್ರತ ವಿಧಿಸಿಕೊಂಡಳು: ಪರಿಚಯವಿಲ್ಲದವರನ್ನು ತಿನ್ನುವುದಿಲ್ಲ. ಇಪ್ಪತ್ತೆರಡು ವರ್ಷ ಅದನ್ನು ನಡೆಸಿದಳು. ತಿಂಗಳಿಗೊಮ್ಮೆ ನಾವೆಲ್ಲ ಮನೆಯಿಂದ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವಾಗ ಪಾತ್ರೆಯ ಮುಂದೆ ಚೀಟಿ ಇಡುವುದು ಪದ್ಧತಿ. 'ಹಾಲು ಇದೆ, ಗೋಧಿ ಇಲ್ಲ' ಎಂಬಂಥ ಚೀಟಿಗಳ ನಡುವೆ ಅವಳದೊಂದು: 'ಆಗಸ್ಟಾ. ಏಪ್ರಿಲ್‌ನಿಂದ ನವೆಂಬರ್‌ವರೆಗೆ. ಸೇಬೆಂದರೆ ಪ್ರಾಣ. ಗುಡುಗೆಂದರೆ ಭಯ.' ಆ ಮೇಜಿನ ತುದಿಗೆ ನಮ್ಮವರು ಯಾರೂ ಸುಳಿಯುತ್ತಿರಲಿಲ್ಲ.

ಈ ಆಗಸ್ಟಾ ಮತ್ತು ಪಕ್ಕದ ಹೊಲದ ಓರಿನ್ ಕಾಬ್‌ನ ಹಂದಿ ಒಂದೇ ತಾಯಿಯ ಮರಿಗಳು, ಬಣ್ಣದಲ್ಲಿ ಗಾತ್ರದಲ್ಲಿ ತದ್ರೂಪ. ನವೆಂಬರಿನಲ್ಲಿ ಎರಡನ್ನೂ ಓರಿನ್ ತನ್ನ ಗಾಡಿಯಲ್ಲೇ ಕಸಾಯಿಖಾನೆಗೆ ಒಯ್ಯುವವನಿದ್ದ. ಹೆಸರಿರುವ ಜೀವ ಕಿವಿಗೆ ನಂಬರು ತೂಗಿಸಿಕೊಂಡು ಸಾಯಬಾರದೆಂದು ಲವೀನಿಯಾ ಆ ಬೆಳಿಗ್ಗೆ ಆಗಸ್ಟಾಳ ಬಿಲ್ಲೆಯನ್ನು ಕತ್ತರಿಸಿ ತೆಗೆದಳು. ಓರಿನ್ ಒಳಗೆ ಕಾಫಿ ಕುಡಿಯುತ್ತಿರುವಾಗ, ಪಂಕ್ತಿಭೇದವಾಗಬಾರದೆಂದು, ಅವನ ಹಂದಿಯದನ್ನೂ ತೆಗೆದಳು.

ಫೆಬ್ರವರಿಯ ಒಂದು ಮಧ್ಯಾಹ್ನ, ನಾನೂ ಊಟಕ್ಕಿದ್ದೆ, ನನ್ನ ಪಾಲಿಗೆ ಆಲೂಗಡ್ಡೆ. ಆಗಸ್ಟಾಳ ಕಥೆ ಎಂದಿನಂತೆ ಮುಗಿಯಿತು: ಜೂನಿನಲ್ಲಿ ಬೇಲಿಗೆ ಸಿಕ್ಕಿ ಎಡ ಹಿಂಗಾಲು ಮುರಿದದ್ದು, ಪಟ್ಟಿ ಕಟ್ಟಿ ಆರು ವಾರ ಶುಶ್ರೂಷೆ ಮಾಡಿದ್ದು, ಮೂಳೆ ಗಂಟುಗಟ್ಟಿ ಕೂಡಿದ್ದು. ಆ ದಿನ ಬೆಂದದ್ದೂ ಅದೇ ಎಡಗಾಲು. ಕೊಯ್ಯುತ್ತ ಕೊಯ್ಯುತ್ತ ಚಾಕು ಮೂಳೆಗೆ ತಾಗಿತು. ಮೂಳೆ ಬೆಣ್ಣೆಯಷ್ಟು ನಯವಾಗಿತ್ತು. ಗಂಟಿನ ಸುಳಿವೇ ಇಲ್ಲ.

ಲವೀನಿಯಾ ಕುಳಿತುಬಿಟ್ಟಳು. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು ಹಿಮದಲ್ಲಿ ಓರಿನ್‌ನ ಮನೆಗೆ ಹೊರಟಳು. ಅಂದು ಮಾತ್ರ ಧ್ಯಾನದ ನಡಿಗೆಯಿಲ್ಲ, ನಾನು ಓಡಬೇಕಾಯಿತು.

"ಓರಿನ್, ನಿನ್ನ ಹಂದಿ ಹೆಸರೇನಿತ್ತು?"

"ಹಂದಿ."

"ಅದಕ್ಕೆ ಏನಿಷ್ಟ ಇತ್ತು?"

"ತಿನ್ನೋದು. ಯಾಕೆ, ಹೆಣ್ಣು ನೋಡಿದೀಯಾ ಅದಕ್ಕೆ?"

"ನಿನ್ನ ಹಂದಿ ನಾನು ತಿಂದೆ, ನನ್ನ ಆಗಸ್ಟಾನ ನೀನು ತಿಂದೆ."

"ಅದ್ಹೇಗೆ? ಕಿವೀಲಿ ಬಿಲ್ಲೆ ಇತ್ತಲ್ಲ."

"ನಾನೇ ಕತ್ತರಿಸಿದೆ. ಎರಡನ್ನೂ."

ಓರಿನ್ ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ.

"ಮೂರು ತಿಂಗಳು ಅವಳ ಹೆಸರು ಹೇಳಿ ಬೇರೆಯವರನ್ನ ತಿಂದಿದೀನಿ" ಎಂದಳು ಲವೀನಿಯಾ. "ನಾಲಿಗೆಗೆ ಒಂದು ದಿನವೂ ಗೊತ್ತಾಗ್ಲಿಲ್ಲ. ಇಪ್ಪತ್ತೆರಡು ವರ್ಷದ ವ್ರತ ಬರೀ ಬಾಯಿಮಾತು ಅಂತಾಯ್ತಲ್ಲ. ಇವತ್ತಿಗೆ ಮಾಂಸ ಬಿಟ್ಟೆ ಅಂದ್ಕೋ."

ಓರಿನ್ ಗದ್ದ ಕೆರೆದುಕೊಂಡ. "ನನಗೆ ಗೊತ್ತಾಗಿತ್ತು ಕಣೆ. ಈ ಸಲದ್ದು ರುಚಿ ಬೇರೆ, ಸೇಬು ಜಾಸ್ತಿ ತಿಂದಿದೆ ಅಂತ ನಮ್ಮವಳಿಗೆ ಹೇಳ್ದೆ. ನಂಬಲಿಲ್ಲ ಅವಳು." ಒಳಗೆ ಹೋಗಿ ಬಿಳಿ ಕಾಗದದಲ್ಲಿ ಸುತ್ತಿದ, ಹೆಪ್ಪುಗಟ್ಟಿದ ಎಡಗಾಲನ್ನು ತಂದು ಮುಂದಿಟ್ಟ. "ಒಯ್ಯಿ."

"ಬೇಡ. ಭಾನುವಾರ ಇಲ್ಲೇ ಬೇಯ್ಸು. ನಾನು ಬರ್ತೀನಿ. ಆಗಸ್ಟಾ ಬಗ್ಗೆ ಹೇಳೋದು ಬಾಕಿ ಇದೆ."

ಭಾನುವಾರ ಕಾಬ್ ದಂಪತಿಯ ಮೇಜಿನೆದುರು ಲವೀನಿಯಾ ನಿಂತು ಆಗಸ್ಟಾಳ ಕಥೆಯನ್ನು, ಈ ಸಲ ಸರಿಯಾದ ಮೂಳೆಯ ಮುಂದೆ, ಆದ್ಯಂತ ಹೇಳಿದಳು. ಕುಳಿತು, "ಈಗ ನಿನ್ನದು" ಎಂದಳು.

"ನನ್ನದೇನು?"

"ನಾನು ತಿಂದವನ ಬಗ್ಗೆ ಯಾರೂ ಏನೂ ಹೇಳಿಲ್ಲ ಇನ್ನೂ."

ಓರಿನ್ ಹೆಂಡತಿಯತ್ತ ನೋಡಿದ. ಅವಳು ಅವನಿಗೆ ನೆರವಾಗಲಿಲ್ಲ. ಕಡೆಗೆ ಎದ್ದ. "ಹಂದಿ. ಬೇಲಿಗೆ ಬೆನ್ನು ಉಜ್ಜೋದು. ಮೂರು ಗೂಟ ಕಿತ್ತಿದೆ." ಕುರ್ಚಿಯ ಬೆನ್ನು ಹಿಡಿದುಕೊಂಡ. "ನಾನು ಟ್ರ್ಯಾಕ್ಟರ್ ಶುರು ಮಾಡಿದ್ರೆ ಸಾಕು, ಎಲ್ಲಿದ್ರೂ ಓಡಿಬರೋನು. ಗಾಡಿ ಹತ್ತೋ ದಿನಾನೂ ಅಷ್ಟೆ, ತಳ್ಳೋದೇ ಬೇಕಾಗ್ಲಿಲ್ಲ. ಎಲ್ಲಿಗೋ ಸುತ್ತಾಡೋಕೆ ಕರ್ಕೊಂಡು ಹೋಗ್ತೀನಿ ಅನ್ಕೊಂಡ ಅಂತ ಕಾಣತ್ತೆ." ಅಷ್ಟು ಹೇಳಿ ಕುಳಿತ.

ಗ್ರೇವಿ ಆರಿತು. ಮೊದಲು ಚಾಕು ಮುಟ್ಟಿದವಳು, ಮಾಂಸ ಬಿಟ್ಟೆನೆಂದಿದ್ದ ಲವೀನಿಯಾಳೇ. ಕಣ್ಣೊರೆಸಿಕೊಂಡು, ಒಂದು ತುಂಡು ತೆಗೆದು, ನಿಧಾನವಾಗಿ ಅಗಿದು, "ಸೇಬು" ಎಂದಳು. ಮರುವರ್ಷದಿಂದ ಅವಳ ನಿರೂಪಣೆಯಲ್ಲಿ ಹೆಸರಿನ ಜೊತೆಗೆ ಬಿಲ್ಲೆಯ ನಂಬರೂ ಸೇರಿಕೊಂಡಿತು.

ಇಂಥವರು ಧರ್ಮಸಂಕಟವನ್ನು ಬಗೆಹರಿಸುತ್ತಾರೆಂದು ಯಾರೂ ನೆಚ್ಚಬೇಕಾಗಿಲ್ಲ. ಅದನ್ನು ದಿನವೂ ಮೇಜಿಗೆ ಕರೆದು ಕೂರಿಸುತ್ತಾರೆ, ಅಷ್ಟೇ. ಬೇಳೆ ಬೇಯಿಸಿ ಉಣ್ಣುವ ನಾನು ಆ ಬೇಳೆ ಬೆಳೆದ ಹೊಲವನ್ನು ಉಳುವಾಗ ನೇಗಿಲಿಗೆ ಸಿಕ್ಕಿದ ಇಲಿ ಯಾವುದೆಂದು ಒಂದು ದಿನವೂ ವಿಚಾರಿಸಿದವನಲ್ಲ. ಇಂಥವರ ಜೊತೆ ಉಣ್ಣುವುದು ಕಷ್ಟ, ಆರಿದ್ದನ್ನೇ ತಿನ್ನಬೇಕು. ಅವರಿಲ್ಲದ ಮೇಜಿನಲ್ಲಿ ಊಟ ಬಿಸಿಬಿಸಿಯಾಗಿಯೇ ಇರುತ್ತದೆ. ಏನು ತಿಂದೆವೆಂಬುದು ಮಾತ್ರ ಕೈ ತೊಳೆಯುವಷ್ಟರಲ್ಲಿ ಮರೆತಿರುತ್ತದೆ.